ವೈನ್ ದ್ರಾಕ್ಷಿ: ನೆಡುವ ಮುನ್ನ ತಳಿಯನ್ನು ಅರಿಯಿರಿ

ದ್ರಾಕ್ಷಿ ತೋಟವು ಒಮ್ಮೆ ಹಾಕಿದರೆ ಹತ್ತು-ಹದಿನೈದು ವರ್ಷ ನಿಲ್ಲುವ ಬೆಳೆ. ತಿನ್ನುವ ದ್ರಾಕ್ಷಿಯನ್ನು ಯಾವ ಪೇಟೆಯಲ್ಲಾದರೂ ಮಾರಬಹುದು. ಆದರೆ ವೈನ್ ತಳಿಗಳ ಹಣ್ಣು ಚಿಕ್ಕದು, ಬೀಜವುಳ್ಳದ್ದು. ಅದಕ್ಕೆ ವೈನ್ ಕಾರ್ಖಾನೆಯೇ ಗಿರಾಕಿ. ಆದ್ದರಿಂದ ರೈತ ಬಾಂಧವರು ತಳಿಯ ಆಯ್ಕೆಯಲ್ಲಿ ಆತುರಪಡಬಾರದು.

ನಂದಿ ತಪ್ಪಲಿನ ತೋಟಗಳು

ದೊಡ್ಡಬಳ್ಳಾಪುರದ ಸುತ್ತಿನ ಭೂಮಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ರಾತ್ರಿಯ ತಂಪು ಹಣ್ಣಿನ ಹುಳಿ ಮತ್ತು ಪರಿಮಳವನ್ನು ಕಾಪಾಡುತ್ತದೆ. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆಯು ಇಲ್ಲಿ ಫ್ರಾನ್ಸಿನ ತಳಿಗಳನ್ನು ಬೆಳೆಸಿ ವೈನ್ ತಯಾರಿಸಿತು. ಈ ಭಾಗದ ಹಳೆಯ ತಳಿ ‘ಬೆಂಗಳೂರು ನೀಲಿ’ಗೆ 2013ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇದರ ಘಾಟು ಪರಿಮಳ ಹಣ್ಣಿನ ರಸಕ್ಕೂ ಸಿಹಿ ವೈನಿಗೂ ಹೊಂದುತ್ತದೆ.

ಮುಖ್ಯ ತಳಿಗಳು

1. ಕ್ಯಾಬರ್ನೆ ಸೊವಿನ್ಯೊ: ಕಪ್ಪು ತಳಿ. ಸಣ್ಣ ಕಾಯಿ, ದಪ್ಪ ಸಿಪ್ಪೆ. ಬಣ್ಣ ಮತ್ತು ಒಗರು ಹೆಚ್ಚು. ತಡವಾಗಿ ಮಾಗುತ್ತದೆ.

2. ಶಿರಾಜ್: ಕಪ್ಪು ತಳಿ. ಬಿಸಿಲನ್ನು ತಾಳುತ್ತದೆ. ಕೊಯ್ಲು ತಡವಾದರೆ ಕಾಯಿ ಸುಕ್ಕುಗಟ್ಟಿ ತೂಕ ಇಳಿಯುತ್ತದೆ.

3. ಶೆನಿನ್ ಬ್ಲಾಂಕ್: ಬಿಳಿ ತಳಿ. ಇಳುವರಿ ಹೆಚ್ಚು. ಒತ್ತಾದ ಗೊಂಚಲು, ತೆಳು ಸಿಪ್ಪೆ; ಮಳೆ ಬಿದ್ದರೆ ಕೊಳೆಯುವ ಭಯವುಂಟು.

4. ಸೊವಿನ್ಯೊ ಬ್ಲಾಂಕ್: ಬಿಳಿ ತಳಿ. ಬೇಗ ಮಾಗುತ್ತದೆ. ಪರಿಮಳವೇ ಇದರ ಬೆಲೆ. ಮುಂಜಾನೆಯ ತಂಪಿನಲ್ಲಿಯೇ ಕೊಯ್ಯಬೇಕು.

ಬೇಸಾಯದಲ್ಲಿ ವ್ಯತ್ಯಾಸ

ಕೆಂಪು ವೈನಿನ ಬಣ್ಣ ಮತ್ತು ಒಗರು ಬರುವುದು ಸಿಪ್ಪೆಯಿಂದ. ಕಾಯಿ ದಪ್ಪವಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಕಡಿಮೆ. ಆದ್ದರಿಂದ ತಿನ್ನುವ ದ್ರಾಕ್ಷಿಯಂತೆ ಇಲ್ಲಿ ಕಾಯಿ ದಪ್ಪವಾಗಿಸಲು ಜಿಬ್ಬರೆಲಿಕ್ ಆಮ್ಲ ಬಳಸಬಾರದು. ಮಾಗುವ ಕಾಲದಲ್ಲಿ ಅತಿಯಾಗಿ ನೀರು ಕೊಡಬಾರದು. ಚಪ್ಪರದ ಬದಲು ಬೇಲಿಯಂತೆ ನೇರ ತಂತಿಗಳ ಮೇಲೆ ಬಳ್ಳಿ ಹಬ್ಬಿಸಿದರೆ ಗಾಳಿ, ಬೆಳಕು ಚೆನ್ನಾಗಿ ಆಡಿ ಬೂಜು ರೋಗಗಳ ಹಾವಳಿ ತಗ್ಗುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ಕೊನೆಗೆ ಫಲಕ್ಕಾಗಿ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸವರಬೇಕು. ಕೊಯ್ಲನ್ನು ಕಣ್ಣಂದಾಜಿಗೆ ಬಿಡದೆ ಸಕ್ಕರೆ ಅಂಶವನ್ನು ರಿಫ್ರಾಕ್ಟೋಮೀಟರಿನಿಂದ ಅಳೆಯಿರಿ. ಕೆಂಪು ವೈನಿಗೆ ಸಾಮಾನ್ಯವಾಗಿ 22ರಿಂದ 24 ಬ್ರಿಕ್ಸ್ ಇರಬೇಕು.

ಒಪ್ಪಂದ ಮೊದಲು, ಸಸಿ ಆಮೇಲೆ

2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೊಳಿಸಿತು. ಆದರೂ ಪರವಾನಗಿಯಿಲ್ಲದೆ ಮಾರಾಟಕ್ಕೆ ವೈನ್ ತಯಾರಿಸುವಂತಿಲ್ಲ. ತಳಿ, ಸಕ್ಕರೆ ಅಂಶ, ದರ, ಹಣ ಸಂದಾಯದ ಗಡುವು, ಇವಿಷ್ಟನ್ನೂ ಬರಹದಲ್ಲಿ ಪಡೆದ ಮೇಲೆಯೇ ಗುಂಡಿ ತೋಡಿಸಿ.