“ಲೆಕ್ಕ ನನ್ನ ತಲೆಗೆ ಹತ್ತದು”

ತರಗತಿಯಲ್ಲಿ ನಾವು ಪದೇಪದೇ ಕೇಳುವ ಮಾತಿದು. ಇದನ್ನಾಡುವ ಬಾಲಿಕೆ ಸೋಮಾರಿಯಲ್ಲ. ಬಾರದೆಂದು ನಂಬಿದವಳು ಮೊದಲ ತೊಡಕಿನಲ್ಲಿಯೇ ಸೀಸದಕಡ್ಡಿಯನ್ನು ಕೆಳಗಿಡುವಳು; ಅಭ್ಯಾಸ ಕುಗ್ಗುವುದು; ಅಂಕಗಳೂ ಕುಗ್ಗುವುವು; ಕಡೆಗೆ ಆ ಅಂಕಗಳೇ ಅವಳ ನಂಬಿಕೆಗೆ ಸಾಕ್ಷಿಯಾಗುವುವು.

ಕೆಲವು ವರ್ಷಗಳ ಹಿಂದೆ, ಭದ್ರಾವತಿಯಿಂದ ಶಿವಮೊಗ್ಗೆಗೆ ದಿನವೂ ರೈಲಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯನ್ನು ಶಾಲೆ ಬಿಡಿಸಲು ಅವಳ ತಂದೆಯವರು ಬಂದರು. “ನಮ್ಮ ವಂಶದಲ್ಲಿಯೇ ಯಾರಿಗೂ ಲೆಕ್ಕ ಬರಲಿಲ್ಲಮ್ಮ, ಇವಳಿಗೆಲ್ಲಿಂದ ಬರಬೇಕು?” ಎಂದರು. ಅವರು 1923ರಲ್ಲಿ ಕಬ್ಬಿಣ ತಯಾರಿಸತೊಡಗಿದ ಆ ಊರಿನ ಕಾರ್ಖಾನೆಯಲ್ಲಿ ದುಡಿದವರು. “ಕುಲುಮೆಯ ಕೆಲಸ ತಮಗೆ ವಂಶದಿಂದ ಬಂದಿತೇ?” ಎಂದು ಕೇಳಿದೆವು. ಅವರು ಕೈಯ ಮೇಲಿನ ಹಳೆಯ ಸುಟ್ಟ ಕಲೆಯನ್ನು ನೋಡಿಕೊಂಡು ನಕ್ಕರು. ಒಂದು ವರ್ಷದ ಅವಕಾಶ ದೊರೆಯಿತು.

ತಪ್ಪು ಮನೆಯವರದು ಮಾತ್ರವಲ್ಲ. ಬೇಗ ಉತ್ತರ ಹೇಳಿದವಳನ್ನು “ಜಾಣೆ” ಎಂದು ಹೊಗಳುವವರು ನಾವೇ. ಅಮೇರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಎಂಬ ವಿದುಷಿಯರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಸ್ಮರಣೀಯವಾಗಿವೆ. ಐದನೆಯ ತರಗತಿಯ ಮಕ್ಕಳು ಕೆಲವು ಒಗಟುಗಳನ್ನು ಬಿಡಿಸಿದ ಬಳಿಕ, ಕೆಲವರ ಬುದ್ಧಿಯನ್ನೂ ಕೆಲವರ ಶ್ರಮವನ್ನೂ ಹೊಗಳಲಾಯಿತು. ಅನಂತರ ಕಠಿಣವಾದವುಗಳನ್ನು ಕೊಟ್ಟಾಗ ಎಲ್ಲರೂ ಎಡವಿದರು. ಮತ್ತೆ ಮೊದಲಿನಂತಹ ಒಗಟುಗಳನ್ನೇ ಕೊಡಲು, ಬುದ್ಧಿಗಾಗಿ ಹೊಗಳಿಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು; ಶ್ರಮಕ್ಕಾಗಿ ಹೊಗಳಿಸಿಕೊಂಡವರು ಮುಂದಾದರು. ಸೋತರೆ ಜಾಣತನವೇ ಸುಳ್ಳಾಯಿತೆಂಬ ಅಂಜಿಕೆ ಮೊದಲಿನವರದು.

ಆದರೆ ಇದನ್ನು ಮಂತ್ರವೆಂದು ಭಾವಿಸಲಾಗದು. ಬುದ್ಧಿಯು ಬೆಳೆಯತಕ್ಕದ್ದೆಂಬ ಪಾಠವನ್ನು ಅದೇ ದೇಶದ ಸುಮಾರು 12,000 ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದ ಫಲವು 2019ರಲ್ಲಿ ಪ್ರಕಟವಾಯಿತು. ಹಿಂದುಳಿದವರಿಗೆ ಲಾಭವಾಯಿತು, ಆದರೆ ಅಲ್ಪವಾಗಿ. “ನಿನಗೆ ಬರುವುದು” ಎಂದು ಬೆನ್ನು ತಟ್ಟಿ ಕಳುಹಿಸಿದರೆ ಲೆಕ್ಕ ಬಾರದಷ್ಟೆ! ಆ ಬಾಲಿಕೆಯ ಹಳೆಯ ಉತ್ತರಪತ್ರಿಕೆಗಳನ್ನು ತೆಗೆಸಿ ನೋಡಲು, ಬೀಜಗಣಿತದಲ್ಲಿ ಅವಳು ತಪ್ಪಿದ ಕಡೆಯಲ್ಲೆಲ್ಲಾ ಭಿನ್ನರಾಶಿಯೇ ಅಡ್ಡ ನಿಂತಿತ್ತು. ಕೆಳಗಿನ ತರಗತಿಯಲ್ಲಿ ಬಿಟ್ಟುಹೋದ ಪಾಠವದು. ಸಂಜೆಯ ರೈಲಿಗೆ ಮುನ್ನ ಅರ್ಧ ಗಂಟೆ, ಅದನ್ನೇ ಮೊದಲಿನಿಂದ ಹೇಳಿಕೊಟ್ಟೆವು. ತಪ್ಪನ್ನು ಅಳಿಸಗೊಡದೆ, ಎಲ್ಲಿ ದಾರಿ ತಪ್ಪಿತೆಂದು ಅವಳಿಂದಲೇ ಬರೆಯಿಸಿದೆವು.

ವರ್ಷದ ಕೊನೆಗೆ ಅವಳಿಗೆ ನೂರಕ್ಕೆ 47 ಅಂಕಗಳು ಬಂದವು. ತಂದೆಯವರು ಅಂಕಪಟ್ಟಿಯನ್ನು ಬಹಳ ಹೊತ್ತು ನೋಡಿ, “ಮಿಕ್ಕ 53 ಎಲ್ಲಿ ಹೋಯಿತು, ಮಗೂ?” ಎಂದರು. ಅವಳು ಪುಸ್ತಕವನ್ನು ಬಿಚ್ಚಿ, ಒಂದೊಂದನ್ನೇ ತೋರಿಸಲಾರಂಭಿಸಿದಳು.