ಬಿಸಿಲು, ಓಝೋನ್ ಮತ್ತು ನೀರಿನ ಕೊಳೆ



ಹಗ್ಗದ ಮೇಲೆ ದಿನವೂ ಒಣಗುವ ಬಣ್ಣದ ಬಟ್ಟೆಯನ್ನು ಗಮನಿಸಿದ್ದೀರಾ? ಕೆಲವು ತಿಂಗಳುಗಳಲ್ಲಿ ಅದು ಮಾಸುತ್ತದೆ. ಪೆಟ್ಟಿಗೆಯಲ್ಲಿ ಮಡಚಿಟ್ಟ ಅಂಥದೇ ಬಟ್ಟೆ ಅಷ್ಟು ಬೇಗ ಮಾಸುವುದಿಲ್ಲ. ಹಾಗಾದರೆ ಆ ಬಣ್ಣ ಎಲ್ಲಿಗೆ ಹೋಯಿತು? ಬಿಸಿಲು ಮತ್ತು ಗಾಳಿಯಲ್ಲಿರುವ ಆಕ್ಸಿಜನ್ ಸೇರಿ ಬಣ್ಣದ ಅಣುಗಳನ್ನು ಒಡೆದುಹಾಕಿದವು. ಅಣು ಒಡೆದ ಮೇಲೆ ಬಣ್ಣ ಉಳಿಯುವುದಿಲ್ಲ.

ಇದೇ ಉಪಾಯದಿಂದ ನೀರಿನ ಕೊಳೆಯನ್ನೂ ಒಡೆಯಬಹುದೇ? ಒಡೆಯಬಹುದು. ಆದರೆ ಎಲ್ಲ ಕೊಳೆಯನ್ನೂ ಅಲ್ಲ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂಬುದನ್ನು ಈಗ ತಿಳಿಯೋಣ.

ಮೂರು ಬಗೆಯ ಕೊಳೆ

1. ರೋಗಾಣುಗಳು: ಕಾಲರಾ, ಟೈಫಾಯಿಡ್, ವಾಂತಿಭೇದಿ ತರುವ ಸೂಕ್ಷ್ಮಜೀವಿಗಳು.
2. ಸಾವಯವ ರಾಸಾಯನಿಕಗಳು: ಬಟ್ಟೆಗೆ ಹಾಕುವ ಬಣ್ಣ, ಕೀಟನಾಶಕ, ಔಷಧಿಗಳ ಉಳಿಕೆ. ಇವುಗಳ ಅಣುಗಳಲ್ಲಿ ಕಾರ್ಬನ್ ಇರುತ್ತದೆ.
3. ಕರಗಿದ ಲವಣ ಮತ್ತು ಲೋಹಗಳು: ಫ್ಲೋರೈಡ್, ಆರ್ಸೆನಿಕ್, ಸೀಸ.

ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಈ ಮೂರೂ ಅದರಲ್ಲಿ ಅಡಗಿರಬಹುದು. ತಿಳಿನೀರೆಲ್ಲ ಶುದ್ಧ ನೀರಲ್ಲ!

ಬಾಟಲಿಯಲ್ಲಿ ಬಿಸಿಲು

ಲೆಬನಾನ್ ದೇಶದ ಬೈರೂತ್ ನಗರದಲ್ಲಿ ಆಫ್ತಿಮ್ ಅಕ್ರ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1980ರ ಸುಮಾರಿಗೆ ಒಂದು ವಿಷಯ ತೋರಿಸಿದರು. ಪಾರದರ್ಶಕ ಪಾತ್ರೆಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. 1991ರಿಂದ ಸ್ವಿಟ್ಜರ್ಲೆಂಡಿನ ಜಲ ಸಂಶೋಧನಾ ಸಂಸ್ಥೆಯೊಂದು ಈ ವಿಧಾನವನ್ನು ಬೆಳೆಸಿ ಹಲವು ದೇಶಗಳಿಗೆ ಹರಡಿತು.

ಬಣ್ಣವಿಲ್ಲದ, ಗೀರುಬೀಳದ, 2 ಲೀಟರಿಗಿಂತ ದೊಡ್ಡದಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ತಿಳಿಯಾದ ನೀರನ್ನು ತುಂಬಿ, ಮುಚ್ಚಿ, ನೇರ ಬಿಸಿಲಿನಲ್ಲಿ 6 ಗಂಟೆ ಮಲಗಿಸಬೇಕು. ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ 2 ದಿನ ಬೇಕು. ಎಡೆಬಿಡದೆ ಮಳೆ ಸುರಿಯುವ ದಿನಗಳಲ್ಲಿ ಈ ವಿಧಾನ ನಡೆಯುವುದಿಲ್ಲ. ಆಗ ನೀರನ್ನು ಕುದಿಸಿಯೇ ಕುಡಿಯಬೇಕು.

ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣಗಳು. ಅವು ರೋಗಾಣುವಿನೊಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಆಗ ರೋಗಾಣು ಮರಿಹಾಕಲಾರದು. ನೀರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಆದರೆ ನೀರು ಕದಡಿದ್ದರೆ ಮಣ್ಣಿನ ಕಣಗಳ ನೆರಳಿನಲ್ಲಿ ರೋಗಾಣುಗಳು ಉಳಿದುಬಿಡುತ್ತವೆ. ನೀರು ತುಂಬಿದ ಬಾಟಲಿಯನ್ನು ದಿನಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಮೇಲಿನಿಂದ ಬಾಯಿಯ ಮೂಲಕ ನೋಡಿ. ಅಕ್ಷರ ಓದಲು ಬಂದರೆ ನೀರು ಸಾಕಷ್ಟು ತಿಳಿಯಾಗಿದೆ ಎಂದರ್ಥ.

ಮೂರನೆಯವನ ಅವಸರ

ನಾವು ಉಸಿರಾಡುವ ಆಕ್ಸಿಜನ್ ಅಣುವಿನಲ್ಲಿ 2 ಪರಮಾಣುಗಳಿವೆ. ಓಝೋನ್ ಅಣುವಿನಲ್ಲಿ 3. ಇಬ್ಬರು ಕೂರುವ ಬೆಂಚಿನಲ್ಲಿ ಮೂವರು ಕುಳಿತರೆ ಏನಾಗುತ್ತದೆ? ಮೂರನೆಯವನು ಯಾವಾಗ ಎದ್ದು ಹೋಗಲಿ ಎಂದು ಕಾಯುತ್ತಿರುತ್ತಾನೆ. ಓಝೋನಿನ ಮೂರನೆಯ ಪರಮಾಣುವೂ ಹಾಗೆಯೇ. ಎದುರು ಸಿಕ್ಕ ವಸ್ತುವಿನ ಮೇಲೆ ಎರಗಿ ಅದನ್ನು ಉತ್ಕರ್ಷಿಸುತ್ತದೆ. ರೋಗಾಣುವಿನ ಹೊರಪದರ ಹರಿಯುತ್ತದೆ, ಬಣ್ಣದ ಅಣು ತುಂಡಾಗುತ್ತದೆ.

ವಿದ್ಯುತ್ ಕಿಡಿಗಳ ಬಳಿ ಬರುವ ವಿಚಿತ್ರ ವಾಸನೆಯನ್ನು ಬೆನ್ನಟ್ಟಿ 1840ರಲ್ಲಿ ಓಝೋನಿಗೆ ಹೆಸರು ಕೊಟ್ಟವರು ಶೋನ್‌ಬೈನ್. ಫ್ರಾನ್ಸಿನ ನೀಸ್ ನಗರದಲ್ಲಿ 1906ರಲ್ಲೇ ಕುಡಿಯುವ ನೀರನ್ನು ಓಝೋನಿನಿಂದ ಶುದ್ಧಗೊಳಿಸುವ ಘಟಕ ಆರಂಭವಾಯಿತು. ಓಝೋನನ್ನು ಕೂಡಿಡಲು ಆಗುವುದಿಲ್ಲ, ಬೇಗ ಆಕ್ಸಿಜನ್ ಆಗಿಬಿಡುತ್ತದೆ. ಆದ್ದರಿಂದ ಬೇಕಾದ ಜಾಗದಲ್ಲೇ ವಿದ್ಯುತ್ತಿನಿಂದ ತಯಾರಿಸುತ್ತಾರೆ. ಆಕಾಶದ ಎತ್ತರದಲ್ಲಿ ಅದು ನಮಗೆ ಕೊಡೆ. ಆದರೆ ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ವಿಷ. ಇದು ನೀವು ಮಾಡಿ ನೋಡುವ ಪ್ರಯೋಗವಲ್ಲ.

ಇಬ್ಬರೂ ಕೈಜೋಡಿಸಿದರೆ

ಕೆಲವು ಕೀಟನಾಶಕ, ಔಷಧಿಗಳ ಅಣುಗಳು ಬಲು ಗಟ್ಟಿ. ಬರೀ ಬಿಸಿಲಿಗೂ ಬರೀ ಓಝೋನಿಗೂ ಪೂರ್ತಿ ಜಗ್ಗುವುದಿಲ್ಲ. ಆಗ ವಿಜ್ಞಾನಿಗಳು ಟೈಟೇನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯ ಸಹಾಯ ಪಡೆಯುತ್ತಾರೆ. ಗೋಡೆಯ ಬಿಳಿ ಬಣ್ಣದಲ್ಲಿ ಇರುವುದೂ ಇದೇ ಪುಡಿ. ಬೆಳಕು ಬಿದ್ದಾಗ ಈ ವಸ್ತು ನೀರನ್ನು ಒಡೆಯಬಲ್ಲದು ಎಂದು ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ಪ್ರಕಟಿಸಿದರು.

ಅತಿನೇರಳೆ ಕಿರಣ ಪುಡಿಯ ಮೇಲೆ ಬಿದ್ದಾಗ ಎಲೆಕ್ಟ್ರಾನ್ ಒಂದು ತನ್ನ ಜಾಗ ಬಿಟ್ಟು ಜಿಗಿಯುತ್ತದೆ. ಅದು ಮರಳಿ ಬಂದುಬಿಟ್ಟರೆ ಕೆಲಸ ಕೆಟ್ಟಂತೆ. ನೀರಿನಲ್ಲಿರುವ ಓಝೋನ್ ಆ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತದೆ. ಹೀಗೆ ನೀರಿನಲ್ಲಿ 'ಹೈಡ್ರಾಕ್ಸಿಲ್ ರ‍್ಯಾಡಿಕಲ್' ಎಂಬ ಕಣಗಳು ಹೆಚ್ಚು ಹುಟ್ಟುತ್ತವೆ. ಇವು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬಾಳುವುದಿಲ್ಲ, ಆದರೆ ಓಝೋನಿಗಿಂತಲೂ ಬಲಶಾಲಿ. ಸಾಕಷ್ಟು ಸಮಯ ಕೊಟ್ಟರೆ ಗಟ್ಟಿ ಅಣುಗಳೂ ಹಂತ ಹಂತವಾಗಿ ಒಡೆದು, ಅವುಗಳ ಕಾರ್ಬನ್ ಕೊನೆಗೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಬಿಸಿಲು ಹೇರಳವಾಗಿರುವ ಸ್ಪೇನ್ ದೇಶದಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆ. ಅಲ್ಲಿನ ಅಲ್ಮೇರಿಯಾದ ಸೌರ ಕೇಂದ್ರದಲ್ಲಿ ಬಾಗಿದ ಕನ್ನಡಿಗಳ ನಡುವಿನ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ, ಬಿಸಿಲಿನಿಂದ ಕೊಳೆ ಒಡೆಯುವುದನ್ನು ಪರೀಕ್ಷಿಸುತ್ತಾರೆ.

ಇದಕ್ಕೆ ಬಗ್ಗದ ಕೊಳೆ

ಈಗ ಮೂರನೆಯ ಬಗೆಗೆ ಬರೋಣ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಯೂ ಕೆಡುತ್ತದೆ. ಈ ನೀರನ್ನು ಬಿಸಿಲಿಗಿಟ್ಟರೆ ಫ್ಲೋರೈಡ್ ಹೋಗುವುದೇ? ಇಲ್ಲ. ಏಕೆಂದರೆ ಅದು ಹಲವು ಪರಮಾಣುಗಳು ಸೇರಿದ ಅಣುವಲ್ಲ, ಒಂದೇ ಪರಮಾಣು. ಅದನ್ನು ಒಡೆಯುವ ಶಕ್ತಿ ಬಿಸಿಲಿಗೂ ಇಲ್ಲ, ಓಝೋನಿಗೂ ಇಲ್ಲ. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಸಾಂದ್ರವಾಗುತ್ತದೆ! ಅದನ್ನು ಹಿಡಿದು ಬೇರ್ಪಡಿಸಬೇಕು. ಇದಕ್ಕೆ ಅಲ್ಯುಮಿನಾ ಶೋಧಕ ಅಥವಾ ಆರ್‌ಓ ಘಟಕ ಬೇಕು. ಇಲ್ಲವೇ ಮಳೆನೀರನ್ನು ಸಂಗ್ರಹಿಸಿ ಬಳಸಬೇಕು.

ಆದ್ದರಿಂದ ನೀರನ್ನು ಶುದ್ಧಗೊಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿರುವ ಕೊಳೆ ಯಾವುದು? ನಿಮ್ಮ ಊರಿನ ನೀರಿನ ಪರೀಕ್ಷಾ ವರದಿಯನ್ನು ಶಿಕ್ಷಕರ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ, ಓದಿ.

ಮಾಡಿ ನೋಡಿ

ಒಂದೇ ಬಣ್ಣದ ತೆಳು ಕಾಗದದ ಎರಡು ತುಂಡುಗಳನ್ನು ತೆಗೆದುಕೊಳ್ಳಿ. ಒಂದರ ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿ ಬಿಸಿಲಿಗಿಡಿ. ಇನ್ನೊಂದನ್ನು ಪುಸ್ತಕದೊಳಗಿಡಿ. ಒಂದು ವಾರದ ನಂತರ ಹೋಲಿಸಿ, ಕಂಡದ್ದನ್ನು ಬರೆದಿಡಿ.

ಯೋಚಿಸಿ ಉತ್ತರಿಸಿ

1. ಕದಡಿದ ನೀರನ್ನು ಬಿಸಿಲಿಗಿಡುವ ಮೊದಲು ಏನು ಮಾಡಬೇಕು?
2. ಓಝೋನನ್ನು ಸಿಲಿಂಡರಿನಲ್ಲಿ ತುಂಬಿಸಿ ಊರೂರಿಗೆ ಕಳಿಸುವುದು ಏಕೆ ಸಾಧ್ಯವಿಲ್ಲ?
3. ಕೀಟನಾಶಕ ಒಡೆಯುತ್ತದೆ, ಫ್ಲೋರೈಡ್ ಒಡೆಯುವುದಿಲ್ಲ. ಕಾರಣ ಕೊಡಿ.