ಹಾರ್ಡ್ ಡಿಸ್ಕಿನ ಅಳಿವು-ಉಳಿವು

ಕಲ್ಲು, ಓಲೆ, ಕಾಗದಗಳ ತರುವಾಯ ಮನುಷ್ಯನು ತನ್ನ ಬರಹವನ್ನು ಕಾಂತಶಕ್ತಿಗೆ ಒಪ್ಪಿಸಿದ್ದಾನೆ. ವಿದ್ಯಾರ್ಥಿಗಳ ಪ್ರಬಂಧಗಳು, ಊರೂರು ಸುತ್ತಿ ಧ್ವನಿಮುದ್ರಿಸಿಕೊಂಡ ಜನಪದ ಗೀತೆಗಳು, ಅಧ್ಯಾಪಕರ ಸಂಶೋಧನಾ ಟಿಪ್ಪಣಿಗಳು ಇಂದು ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಪೆಟ್ಟಿಗೆಯೊಳಗಿವೆ. ಅದು ಕೆಟ್ಟಾಗ ಏನು ಮಾಡತಕ್ಕದ್ದು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರ ಮಾಡೋಣ.

ಮೊದಲ ಹಾರ್ಡ್ ಡಿಸ್ಕನ್ನು 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಹೊರತಂದಿತು. 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ಕೇವಲ 50 ಲಕ್ಷ ಅಕ್ಷರಗಳು. ಇಂದಿನದು ಚಿಕ್ಕದಾದರೂ ತತ್ತ್ವ ಅದೇ. ಕಾಂತಲೇಪವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಧೂಳಿನ ಕಣವೂ ತೂರಲಾರದಷ್ಟು ಸಣ್ಣ ಅಂತರದಲ್ಲಿ, ‘ಹೆಡ್’ ಎಂಬ ಓದುವ ಭಾಗ ತೇಲುತ್ತಿರುತ್ತದೆ. ಅದು ತಟ್ಟೆಗೆ ತಾಗಿ ಲೇಪ ಕಿತ್ತುಬಂದರೆ ಅಲ್ಲಿದ್ದ ಬರಹ ಮರಳಿ ಬಾರದು.

ಕೇಡು ಎರಡು ಬಗೆಯದು. ಬರಹವಿದ್ದೂ ಅದರ ವಿಳಾಸ ಕಳೆದುಹೋಗುವುದು ಮೊದಲನೆಯದು. ಫೈಲನ್ನು ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಅದರ ಸೂಚಿ ಮಾತ್ರ. ಗ್ರಂಥಾಲಯದ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದರೂ ಪುಸ್ತಕ ಬೀರುವಿನಲ್ಲೇ ಇರುವಂತೆ. ಆ ಜಾಗದಲ್ಲಿ ಹೊಸದನ್ನು ಬರೆಯುವವರೆಗೆ ಅದನ್ನು ಹುಡುಕಿ ತೆಗೆಯಬಹುದು. ಆದುದರಿಂದ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಹುಡುಕುವ ತಂತ್ರಾಂಶವನ್ನು ಸಹ ಅದರಲ್ಲಿ ಹಾಕಿಕೊಳ್ಳಕೂಡದು. ತಿರುಗುವ ತಟ್ಟೆಗಳಿಲ್ಲದ ಎಸ್.ಎಸ್.ಡಿ.ಯಲ್ಲಿ ಈ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ತಾನಾಗಿಯೇ ತೆರವು ಮಾಡಿಬಿಡುತ್ತದೆ.

ಎರಡನೆಯದು ಯಂತ್ರದ ಕೇಡು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬಂದರೆ ಒಡನೆಯೇ ವಿದ್ಯುತ್ತನ್ನು ನಿಲ್ಲಿಸಬೇಕು. ಮುಚ್ಚಳ ಬಿಚ್ಚುವುದು, ತಟ್ಟಿ ನೋಡುವುದು, ಫ್ರಿಜ್ಜಿನಲ್ಲಿಡುವುದು ಇವೆಲ್ಲ ಉಳಿದುದನ್ನೂ ಕೆಡಿಸುವ ಉಪಾಯಗಳು. ಅದು ಧೂಳಿಲ್ಲದ ಕೋಣೆಯುಳ್ಳ ಪರಿಣತರ ಕೆಲಸ. ಸದ್ದಿಲ್ಲದೆ, ಅಲ್ಲಲ್ಲಿ ಮಾತ್ರ ಓದಲಾಗದ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವುಂಟು. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಬೇರೊಂದು ಡಿಸ್ಕಿಗೆ ಇಳಿಸಿ, ಆಮೇಲೆ ಕಷ್ಟದ ಭಾಗಗಳಿಗೆ ಹಿಂದಿರುಗುತ್ತದೆ. ರೋಗಿ ಡಿಸ್ಕು ಯಾವ ಕ್ಷಣದಲ್ಲಾದರೂ ನಿಲ್ಲಬಹುದಾದ್ದರಿಂದ ಈ ಕ್ರಮವೇ ಸರಿ. ಮುಂದಿನ ಹುಡುಕಾಟವೆಲ್ಲ ಆ ಪ್ರತಿಯ ಮೇಲೆಯೇ ನಡೆಯಬೇಕು.

ಕೆಡುವ ಮುನ್ನ ಸೂಚನೆ ಸಿಗುವುದಿಲ್ಲವೆ? ಡಿಸ್ಕು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ‘ಸ್ಮಾರ್ಟ್’ ಎಂಬ ಏರ್ಪಾಡೇನೋ ಇದೆ. ಆದರೆ ಗೂಗಲ್ ಸಂಸ್ಥೆಯವರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟವುಗಳ ಪೈಕಿ ಶೇಕಡಾ 36ಕ್ಕೂ ಮೀರಿ, ಉಷ್ಣತೆಯ ಲೆಕ್ಕವನ್ನು ಬಿಟ್ಟರೆ, ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ.

ಆದುದರಿಂದ ನಿಜವಾದ ಚಿಕಿತ್ಸೆ ಕೇಡಿಗೆ ಮೊದಲೇ ನಡೆಯತಕ್ಕದ್ದು. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಒಂದು ಗೆದ್ದಲಿಗೆ ಸಿಕ್ಕರೂ ಮತ್ತೊಂದು ಉಳಿಯಬೇಕೆಂಬ ಈ ವಿವೇಕವನ್ನೇ ಇಂದಿನವರು ಸೂತ್ರವಾಗಿಸಿದ್ದಾರೆ: ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಪ್ರತಿಯನ್ನು ಆಗಾಗ ತೆರೆದು ನೋಡುವುದೂ ಅಗತ್ಯ. 1998ರಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಫೈಲುಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದಾಗ, ಕಾದಿರಿಸಿದ್ದ ಪ್ರತಿಯೂ ಕೆಟ್ಟಿತ್ತು. ಉದ್ಯೋಗಿಯೊಬ್ಬರ ಮನೆಯಲ್ಲಿದ್ದ ಇನ್ನೊಂದು ಪ್ರತಿಯಿಂದ ಕೆಲಸ ಉಳಿಯಿತು.

ಪರಿಣತರ ಶುಲ್ಕ ನಮ್ಮಲ್ಲಿ ಬಹುಮಂದಿಗೆ ಎಟುಕದು; ಒಂದು ಪೆನ್ ಡ್ರೈವ್ ಎಟುಕುತ್ತದೆ. ಕಳೆದ ಪ್ರಬಂಧವನ್ನು ಮತ್ತೆ ಬರೆಯಬಹುದು. ಆದರೆ ಹಾಡಿದ ಅಜ್ಜಿ ತೀರಿಹೋದ ಮೇಲೆ ಆ ಹಾಡನ್ನು ಯಾರ ಬಾಯಿಂದ ಕೇಳುವುದು? ವಿದ್ಯಾರ್ಥಿಗಳು ಸಂಗ್ರಹಿಸಿದ ಇಂಥ ಧ್ವನಿಮುದ್ರಣಗಳ ಒಂದೊಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದಲ್ಲಿ ಇಡುವ ಏರ್ಪಾಡಾದರೆ, ಮುಂದೆ ಬರುವವರಿಗೆ ಅದೊಂದು ಆಸ್ತಿಯಾದೀತು.